ಟಾರ್ಕ್ ಕಲಿಸೋಕೆ ಒಂದು ಕಿಟ್: ಸರಳು ಅದ್ಭುತ, ಗೈರೋ ಚಕ್ರ ಸಪ್ಪೆ

ಭ್ರಮಣ ಚಲನೆಯ ಪಾಠ ಬಂದಾಗ ಮಕ್ಕಳು ಸೂತ್ರವನ್ನು ಪಟಪಟ ಹೇಳುತ್ತಾರೆ. ಟಾರ್ಕ್ (ಬಲ ಒಂದು ವಸ್ತುವನ್ನು ತಿರುಗಿಸೋ ಪರಿಣಾಮ) ಅಂದರೆ ಮೊಮೆಂಟ್ ಆಫ್ ಇನರ್ಷಿಯಾವನ್ನು (ತಿರುಗೋಕೆ ವಸ್ತು ಒಡ್ಡೋ ಜಡತೆ, ಮುಂದೆ ಬರೀ ಇನರ್ಷಿಯಾ) ಕೋನೀಯ ವೇಗೋತ್ಕರ್ಷದಿಂದ (ತಿರುಗೋ ವೇಗ ಹೆಚ್ಚುವ ದರ) ಗುಣಿಸಿದ್ದು. ಲೆಕ್ಕವನ್ನೂ ಬಿಡಿಸುತ್ತಾರೆ. ಆದರೆ 'ಅದೇ ತೂಕವನ್ನು ಅಕ್ಷದಿಂದ ಎರಡು ಪಟ್ಟು ದೂರ ಇಟ್ಟರೆ ಇನರ್ಷಿಯಾ ಎಷ್ಟಾಗುತ್ತೆ?' ಅಂತ ಕೇಳಿ ನೋಡಿ. ಹೆಚ್ಚಿನವರು 'ಎರಡು ಪಟ್ಟು' ಅಂದುಬಿಡುತ್ತಾರೆ. ಸರಿ ಉತ್ತರ ನಾಲ್ಕು ಪಟ್ಟು, ಯಾಕಂದ್ರೆ ಇನರ್ಷಿಯಾ ಬೆಳೆಯೋದು ದೂರದ ವರ್ಗಕ್ಕೆ ತಕ್ಕಂತೆ. ಈ ವರ್ಗ ಅನ್ನೋದು ಹಾಳೆ ಮೇಲಿದೆ, ಮನಸ್ಸಿಗೆ ಇಳಿದಿಲ್ಲ. ಪಾಠ ಮಾಡುವವಳಾಗಿ ನನಗೆ ಬೇಕಿದ್ದದ್ದು ಇದೊಂದನ್ನು ಕಣ್ಣಿಗೆ ತೋರಿಸೋ ಸಾಧನ. ಈ ಕಿಟ್ ಅದನ್ನು ಮಾಡುತ್ತೆ, ಚೆನ್ನಾಗಿಯೇ ಮಾಡುತ್ತೆ.

ಡಬ್ಬಿಯೊಳಗೆ ಇರೋದು ಇಷ್ಟು. ಭಾರವಾದ ಸ್ಟ್ಯಾಂಡು, ಬೇರಿಂಗ್ ಮೇಲೆ ಕೂತ ನೆಟ್ಟಗಿನ ಅಕ್ಷ, ಅದರ ಮೇಲೆ 1, 2, 3 ಸೆಂ.ಮೀ. ತ್ರಿಜ್ಯದ ಮೂರು ಮೆಟ್ಟಿಲಿನ ರಾಟೆ. ತಲೆಯ ಮೇಲೆ ಅಡ್ಡಕ್ಕೆ 44 ಸೆಂ.ಮೀ. ಅಲ್ಯೂಮಿನಿಯಂ ಸರಳು. ಸರಳಿನ ಮೇಲೆ ಅತ್ತಿತ್ತ ಸರಿಸಿ ತಿರುಪು ಬಿಗಿಯಬಹುದಾದ 200 ಗ್ರಾಂನ ಎರಡು ಹಿತ್ತಾಳೆ ತೂಕಗಳು. ರಾಟೆಗೆ ದಾರ ಸುತ್ತಿ, ಮೇಜಿನ ಅಂಚಿನ ಸಣ್ಣ ಗಾಲಿಯ ಮೇಲಿಂದ ಇಳಿಬಿಟ್ಟು, ತುದಿಗೆ 50 ಗ್ರಾಂ ತೂಗುಹಾಕಬೇಕು. ಇವುಗಳ ಜೊತೆ ಇಳಿಜಾರು ಹಲಗೆ, ಉರುಳಿಸೋಕೆ ಬಿಲ್ಲೆ ಮತ್ತು ಬಳೆ, ಒಂದು ಗೈರೋ ಚಕ್ರ (ಜೋರಾಗಿ ತಿರುಗುವಾಗ ಅಕ್ಷದ ಒಂದು ತುದಿಯಿಂದ ತೂಗುಹಾಕಿದರೂ ಬೀಳದೆ ಪಕ್ಕಕ್ಕೆ ಸುತ್ತೋ ಚಕ್ರ).

ಮಧ್ಯದ ಮೆಟ್ಟಿಲಿಗೆ ದಾರ ಸುತ್ತಿ, ಎರಡೂ ತೂಕಗಳನ್ನು ಅಕ್ಷದಿಂದ 20 ಸೆಂ.ಮೀ. ದೂರ ನಿಲ್ಲಿಸಿದೆವು. ತೂಗುಬಿಟ್ಟ 50 ಗ್ರಾಂ 80 ಸೆಂ.ಮೀ. ಇಳಿಯೋಕೆ 12 ಸೆಕೆಂಡು ಹಿಡಿಯಿತು. ಸುಮ್ನೆ ಕೈಬಿಟ್ಟಿದ್ದರೆ ಅದು 0.4 ಸೆಕೆಂಡಿನಲ್ಲಿ ನೆಲ ಮುಟ್ಟುತ್ತಿತ್ತು! ಇಷ್ಟು ನಿಧಾನ ಇರೋದೇ ಈ ಕಿಟ್‌ನ ದೊಡ್ಡ ಗುಣ. ಸೆನ್ಸರ್ ಬೇಡ, ಕಂಪ್ಯೂಟರ್ ಬೇಡ. ಮೊಬೈಲ್‌ನ ಸ್ಟಾಪ್‌ವಾಚ್ ಸಾಕು.

ಆಮೇಲೆ ತೂಕಗಳನ್ನು 10 ಸೆಂ.ಮೀ.ಗೆ ಒಳಕ್ಕೆ ಸರಿಸಿದೆವು. 6.8 ಸೆಕೆಂಡು. ತಕ್ಷಣ ಒಬ್ಬ ಹುಡುಗಿ, "ಮೇಡಂ, ನಾಲ್ಕು ಪಟ್ಟು ಅಂದ್ರಲ್ಲ, ಇಲ್ಲಿ ಎರಡು ಪಟ್ಟೂ ಆಗ್ಲಿಲ್ವಲ್ಲ" ಅಂದಳು. ಇಂಥ ಪ್ರಶ್ನೆ ಬರಲಿ ಅಂತಲೇ ತಾನೇ ನಾವು ಪ್ರಯೋಗ ಮಾಡಿಸೋದು? ಎಳೆಯೋ ಟಾರ್ಕ್ ಅದೇ, ಇಳಿಯೋ ಎತ್ತರ ಅದೇ. ಆಗ ಇನರ್ಷಿಯಾಗೆ ತಕ್ಕಂತೆ ಬದಲಾಗೋದು ಸಮಯವಲ್ಲ, ಸಮಯದ ವರ್ಗ. 12ರ ವರ್ಗ 144, 6.8ರದ್ದು 46. ಅಂದರೂ ಮೂರು ಪಟ್ಟಷ್ಟೇ ಆಯ್ತು, ನಾಲ್ಕಾಗಲಿಲ್ಲ. ಉಳಿದದ್ದು ಎಲ್ಲಿ ಹೋಯ್ತು?

ತೂಕಗಳನ್ನು ಪೂರ್ತಿ ತೆಗೆದು, ಬರೀ ಸರಳನ್ನು ತಿರುಗಿಸಿದೆವು. 3.7 ಸೆಕೆಂಡು, ವರ್ಗ ಸುಮಾರು 14. ಸರಳಿಗೂ ತನ್ನದೇ ಇನರ್ಷಿಯಾ ಇದೆ, ಅದು ಎರಡೂ ಸಲ ಲೆಕ್ಕದೊಳಗೆ ಸೇರಿಕೊಂಡಿತ್ತು. ಈಗ ಅದನ್ನು ಕಳೆಯಿರಿ. 144ರಲ್ಲಿ 14 ಹೋದರೆ 130. 46ರಲ್ಲಿ 14 ಹೋದರೆ 32. ಭಾಗಿಸಿದರೆ ನಾಲ್ಕು! ಆ ಹುಡುಗಿ ತಾನೇ ಪೆನ್ನು ಹಿಡಿದು ಇನ್ನೊಂದು ಸಲ ಭಾಗಿಸಿ ನೋಡಿದಳು. ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಈ ಕೆಲಸ ಆಗುತ್ತಿರಲಿಲ್ಲ. ಬೇರಿಂಗ್‌ನ ಘರ್ಷಣೆಯೂ ಈ ಅನುಪಾತವನ್ನು ಅಷ್ಟಾಗಿ ಕೆಡಿಸೋದಿಲ್ಲ, ಯಾಕಂದ್ರೆ ಮೂರೂ ಸಲ ಅದು ಹೆಚ್ಚುಕಮ್ಮಿ ಒಂದೇ ಇರುತ್ತೆ.

ಬೇಸರದ ಸಂಗತಿ ಅಂದರೆ, ಜೊತೆಗೆ ಬಂದ ಕೈಪಿಡಿಯಲ್ಲಿ ಬರೀ ಸರಳಿನ ಅಳತೆಯ ಸುದ್ದಿಯೇ ಇಲ್ಲ. ಎರಡು ಅಂಕಿ ತುಂಬಿಸು, ಸೂತ್ರಕ್ಕೆ ಹಾಕು, ಮುಗೀತು. ಇಷ್ಟು ಒಳ್ಳೆಯ ಸಾಧನ ಮಾಡಿ ಅದರ ಅತ್ಯುತ್ತಮ ಪ್ರಯೋಗವನ್ನೇ ಬಿಟ್ಟಿದ್ದಾರಲ್ಲ ಅಂತ ನಿಜಕ್ಕೂ ನೋವಾಗುತ್ತೆ.

ಟಾರ್ಕನ್ನು ಬದಲಿಸಿ ನೋಡೋಕೆ ರಾಟೆಯ ಮೆಟ್ಟಿಲುಗಳಿವೆ. ತೂಗುವ ತೂಕ ಅದೇ ಇರಲಿ, ದಾರವನ್ನು 1 ಸೆಂ.ಮೀ. ಮೆಟ್ಟಿಲಿಗೆ ಸುತ್ತಿದರೆ ಟಾರ್ಕ್ ಅರ್ಧಕ್ಕೆ ಇಳಿಯುತ್ತೆ. ಉದ್ದ ಸ್ಪ್ಯಾನರ್ ಬಿಟ್ಟು ಗಿಡ್ಡ ಸ್ಪ್ಯಾನರ್ ಹಿಡಿದ ಹಾಗೆ. ಅಷ್ಟೇ ಎತ್ತರ ಇಳಿಯೋಕೆ ಅಕ್ಷ ಎರಡು ಪಟ್ಟು ಸುತ್ತಲೂ ಬೇಕು, ಹಾಗಾಗಿ ಸಮಯದ ವರ್ಗ ನಾಲ್ಕು ಪಟ್ಟು, ಸಮಯ ಎರಡು ಪಟ್ಟು. ತೂಕಗಳು 20 ಸೆಂ.ಮೀ. ದೂರದಲ್ಲಿದ್ದಾಗ 24 ಸೆಕೆಂಡು ಬರಬೇಕು, ನಮಗೆ ಇನ್ನೂ ಸ್ವಲ್ಪ ಜಾಸ್ತಿಯೇ ಬಂತು. ಎಳೆಯೋ ಟಾರ್ಕ್ ಚಿಕ್ಕದಾದಷ್ಟೂ ಘರ್ಷಣೆಯ ಪಾಲು ಎದ್ದು ಕಾಣುತ್ತೆ. ದಾರದ ಕಡೆಗೂ ಗಮನ ಇರಲಿ. ಕಿಟ್‌ನಲ್ಲಿ ಕೊಟ್ಟಿರೋ ದಾರ ಹತ್ತಿರ ಹತ್ತಿರ 1 ಮಿ.ಮೀ. ದಪ್ಪ. ಸಣ್ಣ ಮೆಟ್ಟಿಲಿಗೆ 13 ಸುತ್ತು ಬೇಕು, ಅಷ್ಟಕ್ಕೆ ಜಾಗ ಸಾಲದೆ ಒಂದರ ಮೇಲೊಂದು ಹತ್ತುತ್ತೆ. ಹಾಗೆ ಹತ್ತಿದ ಕಡೆ ತ್ರಿಜ್ಯ 10%ರಷ್ಟು ಹೆಚ್ಚುತ್ತೆ, ಟಾರ್ಕೂ ಅಷ್ಟೇ ಹೆಚ್ಚುತ್ತೆ. ನಾನು ಆ ದಾರ ತೆಗೆದು ತೆಳ್ಳಗಿನ ಗಟ್ಟಿ ಹೊಲಿಗೆ ದಾರ ಕಟ್ಟಿದ್ದೇನೆ.

ಇಳಿಜಾರು ಹಲಗೆ ಪರವಾಗಿಲ್ಲ. ಬಿಲ್ಲೆ ಯಾವಾಗಲೂ ಬಳೆಗಿಂತ ಮುಂಚೆ ಕೆಳಗೆ ಬರುತ್ತೆ. ಮರದ ಬಿಲ್ಲೆ, ಹಿತ್ತಾಳೆ ಬಿಲ್ಲೆ ಎರಡನ್ನೂ ಕೊಟ್ಟಿರೋದು ಜಾಣತನ. ತೂಕದಲ್ಲಿ ಅಷ್ಟು ವ್ಯತ್ಯಾಸ ಇದ್ದರೂ ಎರಡೂ ಜೊತೆಯಾಗಿಯೇ ಉರುಳಿ ಬರುತ್ತವೆ, ನೋಡಿದವರು ನಂಬೋದೇ ಇಲ್ಲ. ಬಳೆಯ ಗೋಡೆ ಮಾತ್ರ ಇನ್ನೂ ತೆಳ್ಳಗಿರಬೇಕಿತ್ತು. ದಪ್ಪ ಇರೋದರಿಂದ ಬಿಲ್ಲೆಗೂ ಅದಕ್ಕೂ ಅಂತರ ಕಡಿಮೆ ಕಾಣುತ್ತೆ.

ಗೈರೋ ಚಕ್ರಕ್ಕಾಗಿ ಮಾತ್ರ ಈ ಕಿಟ್ ಕೊಳ್ಳಬೇಡಿ. ಚಕ್ರ ಸಣ್ಣದು, ಪ್ಲಾಸ್ಟಿಕ್‌ದು, ಭಾರವೆಲ್ಲ ನಡುವಿನ ಗುಂಬದಲ್ಲೇ ಇದೆ. ಅಂಚಿನಲ್ಲಿ ಭಾರ ಇಲ್ಲದಿದ್ದರೆ ಕೋನೀಯ ಸಂವೇಗ (ಇನರ್ಷಿಯಾವನ್ನು ತಿರುಗೋ ವೇಗದಿಂದ ಗುಣಿಸಿದ್ದು) ಎಲ್ಲಿಂದ ಬರಬೇಕು? ದಾರದಿಂದ ತೂಗುಹಾಕಿ ತಿರುಗಿಸಿದರೆ ಗಡಿಬಿಡಿಯಲ್ಲಿ ಒಂದೆರಡು ಸುತ್ತು ಹೊಡೆದು ವಾಲಿಬಿಡುತ್ತೆ. ಅದು ಪಕ್ಕಕ್ಕೆ ಯಾಕೆ ತಿರುಗಿತು ಅಂತ ಯೋಚಿಸೋಕೂ ಪುರುಸೊತ್ತು ಕೊಡಲ್ಲ. ಇದಕ್ಕೆ ಹಳೇ ಸೈಕಲ್ ಚಕ್ರವೇ ಎಷ್ಟೋ ಮೇಲು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಸರಳಿನ ತುದಿಗೆ ತಡೆ ಇಲ್ಲ. ತೂಕ 10 ಸೆಂ.ಮೀ.ನಲ್ಲಿದ್ದಾಗ, ಇಳಿತದ ಕೊನೆಗೆ ಅದನ್ನು ಜಾಗದಲ್ಲೇ ಹಿಡಿದಿಡೋಕೆ ಸುಮಾರು 2.8 ನ್ಯೂಟನ್ ಬಲ ಬೇಕು. ಅದು ತೂಕದ ಸ್ವಂತ ಭಾರಕ್ಕಿಂತಲೂ ಹೆಚ್ಚು. ಇಳಿಯೋ ಎತ್ತರ ಅದೇ ಇದ್ದರೆ, ಯಾವ ಮೆಟ್ಟಿಲಿಗೆ ದಾರ ಸುತ್ತಿದರೂ ಇದು ಹೆಚ್ಚುಕಮ್ಮಿ ಇಷ್ಟೇ. ತಿರುಪು ಸಡಿಲ ಇದ್ದರೆ ಹಿತ್ತಾಳೆ ತುಂಡು ಜಾರಿ ಹಾರುತ್ತೆ. ಎರಡೂ ತುದಿಗೆ ಬಿಗಿಯಾದ ರಬ್ಬರ್ ಬಿರಡೆ ಹಾಕಿ, ಪ್ರತಿ ಸಲ ತಿರುಪು ಮುಟ್ಟಿ ನೋಡಿ, ಮಕ್ಕಳನ್ನು ಒಂದು ಹೆಜ್ಜೆ ಹಿಂದೆ ನಿಲ್ಲಿಸಿ. ಆಮೇಲೆ ದಾರ ಬಿಡಿ.