ಡಬ್ಬಿಯ ಮೇಲಿನ ‘ಜಿ’ ಅಕ್ಷರ ನಂಬಿ ನಾನು ಕೈಸುಟ್ಟುಕೊಂಡ ಬಗೆ

ದೊಡ್ಡ ಅಳತೆಯ ಮಾದರಿ ರೈಲಿನ ಹಳೆಯ ಎಂಜಿನ್ ಒಂದರ ಮೇಲೆ ಕಣ್ಣಿಟ್ಟು ಕುಳಿತಿದ್ದೀರಾ? ಹಣ ಕಳುಹಿಸುವ ಮೊದಲು ಇದನ್ನು ಓದಿಬಿಡಿ. ನಾನು ಇದನ್ನೆಲ್ಲ ಕಲಿತದ್ದು ಹಣ ಕಳುಹಿಸಿದ ಮೇಲೆ.

ನನ್ನ ಬಳಿ ಇದ್ದದ್ದು ಹೊಸಬರಿಗೆಂದು ಮಾರುವ ಪೆಟ್ಟಿಗೆಯ ಸಾಮಾನು: ನಾಲ್ಕು ಚಕ್ರದ ಪುಟ್ಟ ಎಂಜಿನ್, ಎರಡು ಬೋಗಿ, ಹನ್ನೆರಡು ಬಾಗಿದ ಹಳಿ ತುಂಡು. ಹನ್ನೆರಡನ್ನೂ ಜೋಡಿಸಿದರೆ 600 ಮಿಲಿಮೀಟರ್ ತ್ರಿಜ್ಯದ ಒಂದು ವೃತ್ತ. ನಡುವೆ ಒಂದಷ್ಟು ನೇರ ಹಳಿ ಸೇರಿಸಿ, ಜಲ್ಲಿ ಹಾಸಿ, ಹಿತ್ತಿಲಿನ ಹೂಕುಂಡಗಳ ಮಗ್ಗುಲಲ್ಲಿ ಮೊಟ್ಟೆಯಾಕಾರದ ದಾರಿ ಮಾಡಿಕೊಂಡಿದ್ದೆ. ಹಿತ್ತಾಳೆ ಹಳಿ, ಎರಡು ಹಳಿಗಳ ನಡುವೆ 45 ಮಿಲಿಮೀಟರ್ ಅಗಲ. ಪುಟ್ಟ ಎಂಜಿನ್ ಎರಡು ವರ್ಷ ತಕರಾರಿಲ್ಲದೆ ಓಡಿತು. ಅಷ್ಟಕ್ಕೇ ತೃಪ್ತನಾಗಿದ್ದರೆ ಈ ಬರಹ ಬೇಕಿರಲಿಲ್ಲ.

ಒಂದು ರಾತ್ರಿ ಆ ಜಾಹೀರಾತು ಕಣ್ಣಿಗೆ ಬಿತ್ತು. ಅಮೆರಿಕದ ಕೊಲರಾಡೊದಲ್ಲಿ ಮೂರು ಅಡಿ ಗೇಜಿನ, ಅಂದರೆ ಎರಡು ಹಳಿಗಳ ನಡುವೆ ಮೂರು ಅಡಿ ಅಂತರದ, ಗಣಿ ದಾರಿಗಳಲ್ಲಿ ಓಡುತ್ತಿದ್ದ 2-8-2 (ಮುಂದೆ ಎರಡು ಸಣ್ಣ ಚಕ್ರ, ನಡುವೆ ಎಂಟು ದೊಡ್ಡವು, ಹಿಂದೆ ಎರಡು ಸಣ್ಣವು) ಉಗಿ ಎಂಜಿನ್ನಿನ ಮಾದರಿ. ಕಪ್ಪು ಮೈ, ಉದ್ದನೆಯ ಬಾಯ್ಲರ್, ಒಂದೊಂದು ಕಡೆಗೂ ನಾಲ್ಕು ದೊಡ್ಡ ಚಕ್ರ. ‘ಜಿ ಸ್ಕೇಲ್, ಮೂಲ ಡಬ್ಬಿ ಸಹಿತ, ಹೆಚ್ಚು ಓಡಿಸಿಲ್ಲ’ ಎಂದು ಬರೆದಿದ್ದರು. ಜೊತೆಗೊಂದು ವಿಡಿಯೊ: ಸ್ಪಂಜಿನ ಮೇಲೆ ಅಂಗಾತ ಮಲಗಿಸಿದ ಎಂಜಿನ್, ಗಾಳಿಯಲ್ಲಿ ತಿರುಗುವ ಎಂಟು ಚಕ್ರ, ಅವುಗಳ ಮೇಲೆ ಮಗ್ಗದ ಲಾಳಿಯಂತೆ ಹೋಗಿಬರುವ ಸಲಾಕೆ. ಆ ವಿಡಿಯೊವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

‘ನನ್ನದು 45 ಮಿಲಿಮೀಟರ್ ಹಳಿ, ಇದು ಓಡುತ್ತದೆಯೇ ಸರ್?’ ಎಂದು ಮಾರಾಟಗಾರರನ್ನು ಕೇಳಿದೆ.

‘ಜಿ ಎಂದರೆ 45 ಅಲ್ಲವೇ ಸರ್? ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ’ ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ನಾನು ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡೆ.

ಹಳಿಯ ಅಗಲ ಬೇರೆ, ಸ್ಕೇಲ್ (ನಿಜವಾದ ರೈಲಿಗಿಂತ ಮಾದರಿ ಎಷ್ಟು ಪಟ್ಟು ಚಿಕ್ಕದು ಎಂಬ ಲೆಕ್ಕ) ಬೇರೆ. ಇದು ಗೊತ್ತಿದ್ದರೆ ಮುಂದಿನ ಗೋಳು ಅರ್ಧ ತಪ್ಪುತ್ತಿತ್ತು. 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಲೆಹ್ಮನ್ ಕಂಪನಿ ಎಲ್‌ಜಿಬಿ ಹೆಸರಿನಲ್ಲಿ ಹೊರತಂದ ರೈಲುಗಳ ಸ್ಕೇಲ್ 1:22.5. ಆ 22.5ನ್ನು ಹಳಿಯ 45 ಮಿಲಿಮೀಟರಿನಿಂದ ಗುಣಿಸಿ ನೋಡಿ, ಹೆಚ್ಚುಕಡಿಮೆ ಒಂದು ಮೀಟರ್ ಬರುತ್ತದೆ. ಸ್ವಿಟ್ಜರ್ಲೆಂಡಿನ ರೇಟಿಯನ್ ರೈಲಿನಂಥ ಮೀಟರ್‌ಗೇಜ್ ದಾರಿಗಳಿಗೆ ಅದು ಹೇಳಿ ಮಾಡಿಸಿದ ಅಳತೆ. ಆ ಹಳಿ ಜನಪ್ರಿಯವಾದದ್ದೇ ತಡ, ಬೇರೆಯವರು ತಮ್ಮ ತಮ್ಮ ಅಳತೆಯ ಗಾಡಿಗಳನ್ನು ಅದೇ ಹಳಿಗೆ ಏರಿಸಿದರು. ಅಮೆರಿಕದ ಮೂರು ಅಡಿ ಗೇಜಿಗೆ 1:20.3. ಎರಡು ಅಡಿ ಗೇಜಿಗೆ 1:13.7. ಸಾಮಾನ್ಯ 1,435 ಮಿಲಿಮೀಟರ್ ಗೇಜಿಗೆ 1:32. ಇವೆಲ್ಲದರ ನಡುವೆ 1:29 ಎಂಬುದೊಂದಿದೆ. ಅದೂ ಸಾಮಾನ್ಯ ಗೇಜಿನ ಗಾಡಿಗಳದ್ದೇ, ಆದರೆ 45ರಿಂದ ಗುಣಿಸಿದರೆ 1,305 ಬರುತ್ತದೆ, 1,435 ಅಲ್ಲ. ಉಳಿದ ಗಾಡಿಗಳ ಪಕ್ಕದಲ್ಲಿಟ್ಟಾಗ ದೊಡ್ಡದಾಗಿ ಕಾಣಲಿ ಎಂದು ಮಾಡಿಕೊಂಡ ರಾಜಿ ಅದು. ಇಷ್ಟೂ ಸಂಸಾರಕ್ಕೆ ಡಬ್ಬಿಯ ಮೇಲೆ ಒಂದೇ ಅಕ್ಷರ. (ಡಾರ್ಜಿಲಿಂಗ್ ಬೆಟ್ಟದ ರೈಲಿನಂಥ ಎರಡು ಅಡಿ ಗೇಜನ್ನು ಇಷ್ಟಪಡುವವರು ಹೆಚ್ಚಾಗಿ 1:19 ಸ್ಕೇಲಿನಲ್ಲಿ 32 ಮಿಲಿಮೀಟರ್ ಹಳಿ ಬಳಸುತ್ತಾರೆ. ಅಲ್ಲಿ ಈ ಗೊಂದಲ ಕಡಿಮೆ. ಆಗಲೇ ಆ ಕಡೆ ಹೋಗಿದ್ದರೆ ಎಂದು ಈಗ ಅನಿಸುತ್ತದೆ.)

ಎಂಜಿನ್ ಬಂತು. ಡಬ್ಬಿ ಬಿಚ್ಚಿ ನನ್ನ ಬೋಗಿಗಳ ಮುಂದೆ ಇಟ್ಟೆ. ಮದುವೆಗೆ ಬಂದ ಆನೆಯ ಹಿಂದೆ ಎರಡು ಕರು ಕಟ್ಟಿದ ಹಾಗಿತ್ತು. ಆರು ಅಡಿ ಎತ್ತರದ ಮನುಷ್ಯ ಈ ಎಂಜಿನ್ನಿನ 1:20.3ರಲ್ಲಿ 9 ಸೆಂಟಿಮೀಟರ್ ಇರುತ್ತಾನೆ, 1:32ರಲ್ಲಿ 6 ಸೆಂಟಿಮೀಟರ್ ಕೂಡ ಇರುವುದಿಲ್ಲ. ನನ್ನ ಹಳೆಯ ಗೊಂಬೆಗಳಲ್ಲಿ ಒಬ್ಬ ಚಾಲಕನನ್ನು ಕ್ಯಾಬಿನಲ್ಲಿ ನಿಲ್ಲಿಸಿದೆ. ಕಿಟಕಿಯಲ್ಲಿ ಅವನ ಟೋಪಿ ಮಾತ್ರ ಕಂಡಿತು. ಕೊಕ್ಕೆಗಳ ಎತ್ತರವೂ ಕೂಡಲಿಲ್ಲ, ತಂತಿ ಸುತ್ತಿ ಬೋಗಿ ಕಟ್ಟಿದೆ.

ನೋಟದ ಮಾತು ಬಿಡಿ, ಅದನ್ನು ಸಹಿಸಿಕೊಳ್ಳಬಹುದು. ತಿರುವನ್ನು ಸಹಿಸಿಕೊಳ್ಳಲಾಗುವುದಿಲ್ಲ. ನೇರ ಹಳಿಯ ಮೇಲೆ ಎಂಜಿನ್ ರಾಜಗಾಂಭೀರ್ಯದಿಂದ ಹೊರಟಿತು. ಬಾಗಿದ ಮೊದಲ ತುಂಡಿಗೆ ಬಂದಾಗ ಮುಂದಿನ ಜೋಡಿ ಚಕ್ರ ಕಿರ್ ಎಂದು ಹೊರಗಿನ ಹಳಿಯ ಅಂಚಿಗೆ ಏರಿತು, ಒಂದು ಕ್ಷಣ ಅಲ್ಲೇ ನಿಂತಿತು, ಆಮೇಲೆ ಆಚೆ ಜಾರಿ ಜಲ್ಲಿಗೆ ಇಳಿಯಿತು. ಒಂದೇ ಚೌಕಟ್ಟಿಗೆ ಬಿಗಿದ ಎಂಟು ಚಕ್ರ ಅಷ್ಟು ಬಿಗಿಯಾದ ತಿರುವಿನಲ್ಲಿ ಬಾಗುವುದಾದರೂ ಹೇಗೆ? ಅಂಥ ಎಂಜಿನ್ನಿಗೆ ನನ್ನ ತಿರುವಿನ ಎರಡರಷ್ಟು ತ್ರಿಜ್ಯವಾದರೂ ಬೇಕು. ನಿಧಾನವಾಗಿ ಬಿಟ್ಟರೆ ತಿರುಗೀತು ಎಂಬ ಆಸೆಯಲ್ಲಿ ಮತ್ತೆ ಹಳಿಗೆ ಏರಿಸಿದೆ. ಈ ಸಲ ಬಾಯ್ಲರಿನ ಮೂತಿ ತಿರುವಿನಿಂದ ಹೊರಗೆ ಚಾಚಿ ಹೂಕುಂಡಕ್ಕೆ ಬಡಿಯಿತು, ಮುಂದಿನ ಮೆಟ್ಟಿಲು ಮುರಿಯಿತು. ಆ ಮೆಟ್ಟಿಲು ಬೆರಳಿನ ಉಗುರಿನಷ್ಟಿತ್ತು. ಜಲ್ಲಿಯಲ್ಲಿ ಹುಡುಕುತ್ತ ಕತ್ತಲಾಯಿತು.

ಸರಿ, ಹಳಿ ಬದಲಿಸೋಣ ಎಂದು ನಿರ್ಧರಿಸಿದೆ. ಅಗಲವಾದ ತಿರುವು ತಂದು, ಕುಂಡಗಳನ್ನೆಲ್ಲ ಎತ್ತಿಟ್ಟು, ಪೂರ್ತಿ ದಾರಿಯನ್ನು ಹೊಸದಾಗಿ ಹಾಸಿದೆ. ಹಳೆಯ ಟ್ರಾನ್ಸ್‌ಫಾರ್ಮರ್ ಇಷ್ಟು ದೊಡ್ಡ ಮೋಟಾರಿಗೆ ಸಾಲದೆ ಅದನ್ನೂ ಬದಲಿಸಿದೆ. ಇನ್ನೊಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ತಂಪಾದ ಬೆಳಗಿನಲ್ಲಿ ಹಳಿಗಳನ್ನು ಸಂದಿಲ್ಲದೆ ಬಿಗಿದಿದ್ದೆ. ಹಿತ್ತಾಳೆ 30 ಡಿಗ್ರಿ ಬಿಸಿಯೇರಿದರೆ ಹತ್ತು ಮೀಟರಿಗೆ ಸುಮಾರು ಆರು ಮಿಲಿಮೀಟರ್ ಹಿಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನೇರ ದಾರಿ ಹಾವಿನಂತೆ ಡೊಂಕಾಗಿತ್ತು.

ಅದನ್ನೂ ಸರಿಪಡಿಸಿ, ಎಂಜಿನ್ ಇಟ್ಟು, ಐದು ಬೋಗಿ ಕಟ್ಟಿದೆ. ಟಕ್. ಟಕ್. ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ಒಂದು ಸದ್ದು. ಸಣ್ಣ ಏರಿನಲ್ಲಿ ಗಾಡಿ ನಿಂತಿತು, ಒಳಗೆ ಮೋಟಾರು ಮಾತ್ರ ಗುಂಯ್‌ಗುಡುತ್ತಿತ್ತು. ತಳದ ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟು ನೋಡಿದೆ. ಅಚ್ಚಿನ ನಡುವಿನ ಬಿಳಿ ಪ್ಲಾಸ್ಟಿಕ್ ಗಿಯರಿನಲ್ಲಿ, ಎರಡು ಹಲ್ಲುಗಳ ನಡುವಿನ ತಗ್ಗಿನಿಂದ ಅಚ್ಚಿನವರೆಗೆ, ಕೂದಲೆಳೆಯಂಥ ಒಂದು ಬಿರುಕು. ಉಗುರಿನಿಂದ ಒತ್ತಿದರೆ ಬಾಯಿ ತೆರೆಯುತ್ತಿತ್ತು. ಆ ಒಂದು ತಗ್ಗು ಮಾತ್ರ ಉಳಿದವುಗಳಿಗಿಂತ ಅಗಲವಾದ್ದರಿಂದ ಸುತ್ತಿಗೊಮ್ಮೆ ಸದ್ದು.

ಇಂಥ ಗಿಯರನ್ನು ಉಕ್ಕಿನ ಅಚ್ಚಿಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಆ ಬಿಗಿಯಿಂದಲೇ ಪ್ಲಾಸ್ಟಿಕ್ ವರ್ಷಗಟ್ಟಲೆ ಎಳೆದಂತಿದ್ದು ಒಂದು ದಿನ ಸೀಳುತ್ತದೆ, ಎಂಜಿನ್ ಓಡಿಸದೆ ಡಬ್ಬಿಯಲ್ಲಿಟ್ಟಿದ್ದರೂ ಸರಿಯೇ. ‘ಹೆಚ್ಚು ಓಡಿಸಿಲ್ಲ’ ಎಂಬ ಮಾತಿಗೆ ಇಲ್ಲಿ ಕವಡೆ ಕಿಮ್ಮತ್ತಿಲ್ಲ. ಗಾಳಿಯಲ್ಲಿ ತಿರುಗಿಸುವಾಗ ಭಾರವಿಲ್ಲದ ಕಾರಣ ಒಡೆದ ಗಿಯರೂ ಚಕ್ರವನ್ನು ಲೀಲಾಜಾಲವಾಗಿ ತಿರುಗಿಸುತ್ತದೆ. ಅಂಗಾತ ಮಲಗಿಸಿ ತೆಗೆದ ವಿಡಿಯೊದ ಗುಟ್ಟು ಇಷ್ಟೇ. ಅಂಟು ಹಾಕಿ ನೋಡಿದೆ. ಆ ನುಣುಪು ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯಲಿಲ್ಲ, ಎರಡೇ ಸುತ್ತಿಗೆ ಬಿಟ್ಟುಕೊಂಡಿತು.

ಆದ್ದರಿಂದ ಮಾರುವವರನ್ನು ‘ಇದು ಜಿ ಸ್ಕೇಲೇ?’ ಎಂದು ಕೇಳಬೇಡಿ, ‘ಸ್ಕೇಲ್ ಒಂದಕ್ಕೆ ಎಷ್ಟು?’ ಎಂದು ಕೇಳಿ. ಗೊತ್ತಿಲ್ಲ ಎಂದರೆ ಕ್ಯಾಬಿನ ಬಾಗಿಲಿನ ಎತ್ತರ ಅಳೆದು ಹೇಳುವಂತೆ ಕೇಳಿ, ಯಾವ ಗೊಂಬೆ ಅದರಲ್ಲಿ ನಿಲ್ಲುತ್ತದೆ ಎಂಬುದರಿಂದ ನೀವೇ ಸ್ಕೇಲನ್ನು ಅಂದಾಜು ಮಾಡಬಹುದು. ಕನಿಷ್ಠ ತಿರುವು ಎಷ್ಟೆಂದು ಕೇಳುವಾಗ ಉತ್ತರ ತ್ರಿಜ್ಯವೋ ವ್ಯಾಸವೋ ಎಂದು ಬಾಯಿಬಿಟ್ಟು ಹೇಳಿಸಿಕೊಳ್ಳಿ. ಅಮೆರಿಕದವರು ಹೆಚ್ಚಾಗಿ ವ್ಯಾಸ ಹೇಳುತ್ತಾರೆ, ಯುರೋಪಿನವರು ತ್ರಿಜ್ಯ. ಎಂಜಿನ್ ಕೈಗೆ ಸಿಕ್ಕರೆ ಒಂದು ಕಡೆಯ ಚಕ್ರ ಹಿಡಿದು ಇನ್ನೊಂದು ಕಡೆಯದನ್ನು ಮೆಲ್ಲಗೆ ತಿರುಚಿ ನೋಡಿ, ಅಲುಗಿದರೆ ವಾಪಸು ಕೊಡಿ. ಎರಡು ಚಕ್ರಗಳ ಒಳಬದಿಯ ಅಂತರ ಸುಮಾರು 40 ಮಿಲಿಮೀಟರ್ ಇರಬೇಕು. ದೂರದಿಂದ ಕೊಳ್ಳುವುದಾದರೆ ಹಳಿಯ ಮೇಲೆ ಬೋಗಿ ಎಳೆಯುವ ವಿಡಿಯೊ ಇಲ್ಲದೆ ಮಾತುಕತೆಯೇ ಬೇಡ.

ನನ್ನ ಎಂಜಿನ್ ಈಗ ಕಪಾಟಿನ ಮೇಲಿದೆ, ಲೋಹದ ಗಿಯರಿಗಾಗಿ ಕಾಯುತ್ತಿದೆ. ಹೊಸ ದಾರಿಯಲ್ಲಿ ಹಳೆಯ ಪುಟ್ಟ ಎಂಜಿನ್ನೇ ಓಡುತ್ತಿದೆ. ಅಷ್ಟು ಅಗಲದ ತಿರುವಿನಲ್ಲಿ ಅದು ದಾರಿ ತಪ್ಪಿದ ಮಗುವಿನಂತೆ ಕಾಣುತ್ತದೆ. ಮೊನ್ನೆ ಅದೇ ಮಾರಾಟಗಾರರ ಹೊಸ ಜಾಹೀರಾತು ಬಂದಿತ್ತು. ಬೇರೆ ಎಂಜಿನ್, ಅದೇ ಸ್ಪಂಜು, ಗಾಳಿಯಲ್ಲಿ ತಿರುಗುವ ಚಕ್ರ. ‘ಹಳಿಯ ಮೇಲೆ ಐದು ಬೋಗಿ ಎಳೆಯುವ ವಿಡಿಯೊ ಕಳುಹಿಸುತ್ತೀರಾ ಸರ್?’ ಎಂದು ಕೇಳಿದ್ದೇನೆ. ನೋಡಿದ್ದಾರೆ, ಉತ್ತರ ಬಂದಿಲ್ಲ.