ಕೈಪಂಪಿನ ನಾಝಲ್ ಟೆಸ್ಟರ್: 1982ರ ಮರ್ಸಿಡಿಸ್ 300ಡಿ ಕಾರಿನೊಂದಿಗೆ ಎರಡು ವರ್ಷ

ಬೆಂಗಳೂರಿನ ಕಲಾಸಿಪಾಳ್ಯದ ಉಪಕರಣಗಳ ಅಂಗಡಿಯೊಂದರಿಂದ ಎರಡು ವರ್ಷಗಳ ಹಿಂದೆ 5,200 ರೂಪಾಯಿಗೆ ಈ ಟೆಸ್ಟರ್ ತಂದೆ. ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನ ತುದಿ, ಅಂದರೆ ನಾಝಲ್, ಎಷ್ಟು ಒತ್ತಡಕ್ಕೆ ತೆರೆಯುತ್ತದೆ, ಹೇಗೆ ಸಿಂಪಡಿಸುತ್ತದೆ ಎಂದು ನೋಡಲು ಇದು. ಎರಕದ ಪೀಠ, ಉದ್ದನೆಯ ಹಿಡಿ, ನೆತ್ತಿಯ ಮೇಲೆ ಎಣ್ಣೆ ತುಂಬುವ ಡಬ್ಬಿ, 400 ಬಾರ್‌ವರೆಗೆ ಒತ್ತಡ ತೋರಿಸುವ ಗೇಜ್ ಮತ್ತು 12 ಹಾಗೂ 14 ಮಿ.ಮೀ. ತಿರುಪಿನ ಎರಡು ಪೈಪುಗಳು ಇದರಲ್ಲಿವೆ. ಹೆಸರಾಂತ ಕಂಪನಿಯ ಗುರುತೇನೂ ಇಲ್ಲ. ನಮ್ಮ ಕಾರು ಡಬ್ಲ್ಯು123 ಮಾದರಿಯ 300ಡಿ. ಐದು ಸಿಲಿಂಡರ್, 2998 ಸಿ.ಸಿ., ಟರ್ಬೊ ಇಲ್ಲದ 88 ಅಶ್ವಶಕ್ತಿಯ ಡೀಸೆಲ್ ಎಂಜಿನ್.

ನಮ್ಮಲ್ಲಿ ಡೀಸೆಲ್ ಪಂಪ್ ಅಂಗಡಿಗಳಿಗೆ ಬರವಿಲ್ಲ. 1951ರಲ್ಲಿ ಆರಂಭವಾದ, ಡೀಸೆಲ್ ಪಂಪ್ ಮತ್ತು ನಾಝಲ್ ತಯಾರಿಸುವ ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತಾದರೂ ಹಳೆಯ ಮೇಸ್ತ್ರಿಗಳ ಬಾಯಲ್ಲಿ ಇಂದಿಗೂ ಅದು ಮೈಕೋ ನಾಝಲ್ಲೇ. ಆದರೆ ಆ ಅಂಗಡಿಗಳಿಗೆ ಬರುವುದು ಬಹುಪಾಲು ಲಾರಿ, ಟ್ರ್ಯಾಕ್ಟರ್‌ಗಳ ಕೆಲಸ. ಕಾರು ಕೊಂಡ ಹೊಸದರಲ್ಲಿ ಅಂಥದೊಂದು ಅಂಗಡಿಗೆ ಐದೂ ಇಂಜೆಕ್ಟರ್ ಕೊಟ್ಟಿದ್ದೆ. 150 ಬಾರ್‌ಗೆ ಕೂರಿಸಿ ಕೊಟ್ಟರು. ಕೇಳಿದಾಗ, "ಪ್ರೆಶರ್ ಜಾಸ್ತಿ ಇದ್ರೆ ಸ್ಪ್ರೇ ಚೆನ್ನಾಗಿ ಬರುತ್ತೆ ಸಾರ್" ಎಂದರು. ಈ ಎಂಜಿನ್ನಿನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳದೆ ಮೊದಲು ಸಿಲಿಂಡರ್ ಹೆಡ್ ಒಳಗಿನ ಪುಟ್ಟ ಕೋಣೆಯಲ್ಲಿ ಉರಿಯುವುದರಿಂದ, ಹೊಸ ನಾಝಲ್‌ಗೆ ಕಾರ್ಖಾನೆಯ ಕೈಪಿಡಿ ಹೇಳುವುದು 115ರಿಂದ 125 ಬಾರ್ ಮಾತ್ರ. ಪ್ರೆಶರ್ ಏರಿಸಿದಷ್ಟೂ ನಾಝಲ್ ಬಾಯಿ ಮುಚ್ಚಿರುವ ಸೂಜಿ ತಡವಾಗಿ ಏಳುತ್ತದೆ, ಉರಿಯುವುದೂ ತಡವಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಆಗಲು ಕಾರು ಒದ್ದಾಡಿತು. ಕೈಪಿಡಿಯ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟು ಮತ್ತೊಮ್ಮೆ ಮಾಡಿಸಿದ ಮೇಲೆಯೇ ಸರಿಹೋದದ್ದು.

ಎರಡು ವರ್ಷಗಳ ಹಿಂದೆ ತಣ್ಣನೆಯ ಎಂಜಿನ್ನಿನಲ್ಲಿ ಕಟಕಟ ಸದ್ದು, ಬಿಳಿ ಹೊಗೆ ಮತ್ತೆ ಶುರುವಾದವು. ಎಂಜಿನ್ ಐಡಲ್‌ನಲ್ಲಿರುವಾಗ ಒಂದೊಂದೇ ಪೈಪಿನ ನಟ್ಟನ್ನು ಬಟ್ಟೆ ಸುತ್ತಿ ಸಡಿಲಿಸುತ್ತ ಹೋದರೆ, ಮೂರನೆಯದಕ್ಕೆ ಬಂದಾಗ ಸದ್ದು ನಿಂತಿತು. ಈ ಸಲ ನಾನೇ ಬಿಚ್ಚಿ ನೋಡಬೇಕೆಂದು ತೀರ್ಮಾನಿಸಿ ಟೆಸ್ಟರ್ ಕೊಂಡೆ.

ಬಿಚ್ಚಲು ಪೈಪಿಗೆ 17ರ ಸ್ಪ್ಯಾನರ್, ಇಂಜೆಕ್ಟರ್‌ಗೆ 27ರ ಉದ್ದನೆಯ ಸಾಕೆಟ್ ಸಾಕು. ಒಳಗಿನ ಶಿಮ್ (ಸ್ಪ್ರಿಂಗಿನ ಬಿಗಿ ಹೊಂದಿಸುವ ತೆಳು ಬಿಲ್ಲೆ), ಸ್ಪ್ರಿಂಗ್, ಒತ್ತುಪಿನ್ನು, ನಡುವಿನ ಬಿಲ್ಲೆ, ನಾಝಲ್ ಇವು ಒಂದು ಇಂಜೆಕ್ಟರಿನದು ಇನ್ನೊಂದಕ್ಕೆ ಸೇರಬಾರದು. ಅದರಲ್ಲೂ ಸೂಜಿ ಮತ್ತು ಅದರ ಕವಚ ಕೆಲವೇ ಮೈಕ್ರಾನ್ ಅಂತರದಲ್ಲಿ ಜೊತೆಯಾಗಿ ಉಜ್ಜಿ ಕೂರಿಸಿದ ಜೋಡಿ. ನಾನು ಸ್ಟೀಲಿನ ಹಳೆಯ ಒಗ್ಗರಣೆ ಡಬ್ಬಿಯನ್ನು ಇದಕ್ಕೆಂದೇ ಎತ್ತಿಟ್ಟಿದ್ದೇನೆ. ಏಳು ಬಟ್ಟಲುಗಳಲ್ಲಿ ಐದು ಇಂಜೆಕ್ಟರುಗಳಿಗೆ, ಆರನೆಯದು ಹೊಸ ಶಿಮ್‌ಗಳಿಗೆ, ಏಳನೆಯದು ತೊಳೆಯಲು ಬೇಕಾದ ಶುದ್ಧ ಡೀಸೆಲ್‌ಗೆ.

ಟೆಸ್ಟರಿನ ನಿಜವಾದ ಬೆಲೆ ತಿಳಿಯುವುದು ಹಿಡಿಯನ್ನು ಒತ್ತಿದಾಗ. ನಿಧಾನವಾಗಿ ಒತ್ತಿದರೆ ಮುಳ್ಳು ಏರುತ್ತ ಹೋಗಿ ನಾಝಲ್ ಬಾಯ್ಬಿಟ್ಟ ಕ್ಷಣ ಹಿಂದಕ್ಕೆ ಬೀಳುತ್ತದೆ; ಬೀಳುವ ಮುನ್ನ ಅದು ಮುಟ್ಟಿದ ಅಂಕಿಯೇ ತೆರೆಯುವ ಪ್ರೆಶರ್. ಗೇಜಿನ ವಾಲ್ವ್ ಮುಚ್ಚಿ ಬೇಗಬೇಗ ಒತ್ತಿದರೆ, ಆರೋಗ್ಯವಾಗಿರುವ ನಾಝಲ್ ಕರ್‌ರೆಂದು ಸದ್ದು ಮಾಡುತ್ತ ನುಣ್ಣನೆಯ ಶಂಕುವಿನಂತೆ ಸಿಂಪಡಿಸುತ್ತದೆ. ನನ್ನ ಐದರಲ್ಲಿ ಬಂದ ಅಂಕಿಗಳು ಕ್ರಮವಾಗಿ 108, 111, 92, 110, 97. ಬಳಸಿದ ನಾಝಲ್ 100ಕ್ಕಿಂತ ಕೆಳಗಿಳಿಯಬಾರದು. ತೆರೆಯುವ ಪ್ರೆಶರಿಗಿಂತ 20 ಬಾರ್ ಕೆಳಗೆ ಹತ್ತು ಸೆಕೆಂಡು ಹಿಡಿದರೆ ತುದಿಯಿಂದ ಹನಿ ಬೀಳಬಾರದೆಂಬುದು ನಿಯಮ. ಮೂರನೆಯದು ನಾಲ್ಕೇ ಸೆಕೆಂಡಿಗೆ ತೊಟ್ಟಿಕ್ಕಿತು. ಅದರ ಸೂಜಿಯನ್ನು ಡೀಸೆಲ್‌ನಲ್ಲಿ ಅದ್ದಿ ಮೂರನೇ ಒಂದು ಭಾಗ ಹೊರಗೆಳೆದು ಬಿಟ್ಟರೆ ತನ್ನ ಭಾರಕ್ಕೆ ತಾನೇ ಜಾರಬೇಕಿತ್ತು, ಅರ್ಧಕ್ಕೇ ನಿಂತಿತು. ಹೊಸ ನಾಝಲ್ ಹಾಕಿದೆ. ಐದನೆಯದರ ಸಿಂಪರಣೆ ಚೆನ್ನಾಗಿಯೇ ಇತ್ತು, ಸ್ಪ್ರಿಂಗ್ ಮಾತ್ರ ಸೋತಿತ್ತು. 0.05 ಮಿ.ಮೀ. ಶಿಮ್ ಸುಮಾರು 3 ಬಾರ್ ಏರಿಸುತ್ತದೆ. 97ರಿಂದ 118ಕ್ಕೆ 21 ಬಾರ್ ಬೇಕು, ಎಂದರೆ 0.35 ಮಿ.ಮೀ. ಅಷ್ಟು ದಪ್ಪದ ಶಿಮ್ ಸೇರಿಸಿ ಮತ್ತೆ ಒತ್ತಿದಾಗ 119 ಬಂದದ್ದನ್ನು ನೋಡಿದ ಸಂತೋಷ ನನಗೆ ಇಂದಿಗೂ ನೆನಪಿದೆ. ಉಳಿದವನ್ನೂ ಹೀಗೆಯೇ ಹೊಂದಿಸಿದ ಮೇಲೆ ಕೊನೆಗೆ ಐದೂ 117ರಿಂದ 120ರೊಳಗೆ ನಿಂತವು. ಅಂಗಡಿಗೆ ಕೊಟ್ಟಿದ್ದರೆ ಐದೂ ನಾಝಲ್ ಬದಲಿಸಿ ಎನ್ನುತ್ತಿದ್ದರು, ಬೇಕಾಗಿದ್ದು ಒಂದೇ.

ಇನ್ನು ಕೊರತೆಗಳು. ಇಂಜೆಕ್ಟರುಗಳ ನಡುವಿನ ವ್ಯತ್ಯಾಸ 5 ಬಾರ್ ದಾಟಬಾರದೆಂಬ ಕೆಲಸಕ್ಕೆ, ಒಂದೊಂದು ಗೆರೆಗೂ 10 ಬಾರ್ ಇರುವ 400ರ ಗೇಜ್ ತೀರ ಒರಟು. ಗೇಜ್ ಪರೀಕ್ಷಿಸುವ ಕಡೆ ಒಯ್ದು ನೋಡಿದಾಗ 120ರ ಹತ್ತಿರ 4 ಬಾರ್ ಹೆಚ್ಚೇ ತೋರಿಸುತ್ತಿತ್ತು. ಆದ್ದರಿಂದ 250ರ ಗೇಜ್ ಹಾಕಿಸಿಕೊಂಡು, ಅದನ್ನೂ ಪರೀಕ್ಷಿಸಿದ ಮೇಲೆಯೇ ಅಳೆಯತೊಡಗಿದೆ; ಮೇಲಿನ ಅಂಕಿಗಳೆಲ್ಲ ಅದರವು. ಪೈಪಿನ ಬುಡದ ತಾಮ್ರದ ವಾಷರ್ ಮೊದಲ ದಿನವೇ ಒಸರಿತು, ಹೊಸದು ಹಾಕಿದ ಮೇಲೆ ನಿಂತಿತು. ಎಣ್ಣೆ ಡಬ್ಬಿಯ ಮುಚ್ಚಳ ಸಡಿಲ, ಧೂಳು ಒಳಹೋಗುತ್ತದೆ. ನಾಝಲ್‌ಗೆ ಧೂಳಿಗಿಂತ ದೊಡ್ಡ ಶತ್ರುವಿಲ್ಲ.

ಸಿಂಪರಣೆಯ ದಾರಿಯಲ್ಲಿ ಕೈಯಿಡಲೇಬೇಡಿ. ಆ ಒತ್ತಡದಲ್ಲಿ ಡೀಸೆಲ್ ಚರ್ಮ ಸೀಳಿ ಒಳಗಿಳಿಯುತ್ತದೆ, ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾಗುತ್ತದೆ. ಮಂಜಿನಂತೆ ಹರಡುವ ಎಣ್ಣೆ ಬೆಂಕಿಗೂ ಬೇಗ ಹತ್ತುತ್ತದೆ. ಗಾಜಿನ ಜಾಡಿಯೊಳಕ್ಕೆ ಸಿಂಪಡಿಸಿ, ಕನ್ನಡಕ ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ ಮಾಡಿ. ಮರಳಿ ಜೋಡಿಸುವಾಗ ಇಂಜೆಕ್ಟರ್ ಕೆಳಗಿನ ಶಾಖ ತಡೆಯುವ ವಾಷರ್ ಪ್ರತಿಸಲವೂ ಹೊಸದೇ ಆಗಬೇಕು. ಬಿಗಿ 70ರಿಂದ 80 ನ್ಯೂಟನ್ ಮೀಟರ್.

ಒಂದೇ ಬಾರಿಯ ಕೆಲಸವಾದರೆ ಕೈಪಿಡಿಯ ಅಂಕಿಗಳ ಚೀಟಿಯೊಂದಿಗೆ ಒಳ್ಳೆಯ ಪಂಪ್ ಅಂಗಡಿಗೆ ಹೋಗುವುದೇ ಲಾಭ. ಹಳೆಯ ಡೀಸೆಲ್ ಕಾರನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವವರು ಕೊಳ್ಳಬಹುದು. ಆದರೆ ಹಣ ಕೊಡುವ ಮುನ್ನ 400ರ ಗೇಜ್ ಬದಲು 250ರದ್ದನ್ನು ಹಾಕಿಕೊಡಿ ಎಂದು ಕೇಳಿ. ನನಗೆ ಅದಕ್ಕೆ ಆಮೇಲೆ 900 ರೂಪಾಯಿ ಬೇರೆ ಖರ್ಚಾಯಿತು.