ವಾಸ್ಕೋದ ನಾವಿಕನ ಹೆಸರಿನಲ್ಲಿ ಹಡಗಿನ ನೌಕರಿ: ಹಣ ಹಾಕುವ ಮುನ್ನ ಇದನ್ನು ಓದಿ

ಬೆಳಗಾವಿಯಿಂದ ಗೋವಾಕ್ಕೆ ತರಕಾರಿ ಗಾಡಿಗಳಲ್ಲಿ ಹೋಗಿಬರುವ ಯುವಕರಿಗೂ ಅವರ ಮನೆಯವರಿಗೂ ತಿಳಿದಿರಲೆಂದು, ನನ್ನ ಅಕ್ಕನ ಮಗನಿಗೆ ಆದ ಮೋಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಐಟಿಐ ಫಿಟ್ಟರ್ ಮುಗಿಸಿ ಕೆಲಸ ಹುಡುಕುತ್ತಿದ್ದ ಅವನು ಖಾನಾಪುರದ ವ್ಯಾಪಾರಿಯೊಬ್ಬರ ಟೆಂಪೊದಲ್ಲಿ ವಾಸ್ಕೋಗೆ ಹೋಗುತ್ತಿದ್ದ. ಅಲ್ಲಿಯ ಚಹಾದಂಗಡಿಯೊಂದರಲ್ಲಿ, ಮುರ್ಮುಗಾವ್ ಬಂದರಿಗೆ ಬಂದಿದ್ದ ಹಡಗಿನ ಫಿಲಿಪ್ಪೀನ್ಸ್ ನಾವಿಕನೊಬ್ಬ ಎದುರಿಗೆ ಬಂದು ಕುಳಿತ. ಮೊಬೈಲಿನಲ್ಲಿ ಎಂಜಿನ್ ಕೋಣೆಯ ಚಿತ್ರಗಳನ್ನೂ ತನ್ನ ಮಕ್ಕಳ ಚಿತ್ರಗಳನ್ನೂ ತೋರಿಸಿದ, ಚಹಾದ ಹಣ ತಾನೇ ಕೊಟ್ಟ, ಜೊತೆಗೆ ನಿಂತು ಫೋಟೊ ತೆಗೆಸಿಕೊಂಡ. ಆ ನಾವಿಕ ಕೆಟ್ಟವನೆಂದು ನಾನು ಹೇಳಲಾರೆ. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದು, ಅನುಮತಿ ಪಡೆದು ಸ್ವಲ್ಪ ಹೊತ್ತು ದಡಕ್ಕೆ ಬರುವ ಈ ಜನರಿಗೆ ಯಾರೊಂದಿಗಾದರೂ ನಾಲ್ಕು ಮಾತನಾಡುವ ಹಂಬಲ ಇರುವುದು ಸಹಜ.

ಮೋಸ ಮಾಡಿದವನು ಪಕ್ಕದಲ್ಲಿ ಕುಳಿತು, ನಾವಿಕನ ಇಂಗ್ಲಿಷನ್ನು ಹಿಂದಿಯಲ್ಲಿ ತಿಳಿಸಿ ಹೇಳುತ್ತಿದ್ದ ವ್ಯಕ್ತಿ. ಹುಡುಗನ ನಂಬರ್ ಪಡೆದುಕೊಂಡ ಆತ, ಹಡಗು ಬಂದರು ಬಿಟ್ಟ ಮೇಲೆ ಫೋನು ಮಾಡಿ, ಅದೇ ನಾವಿಕನ ಶಿಫಾರಸಿನಿಂದ ಫಿಟ್ಟರ್ ಕೆಲಸ ಸಿಕ್ಕಿದೆಯೆಂದು ನಂಬಿಸಿದ. ವಾಟ್ಸಾಪಿಗೆ ಬಂದ ನೇಮಕಾತಿ ಪತ್ರದಲ್ಲಿ ಹಡಗಿನ ಹೆಸರು, ಪ್ರತಿ ಹಡಗನ್ನು ಗುರುತಿಸಲು ಕೊಡುವ ಏಳು ಅಂಕಿಗಳ ಐಎಂಒ ಸಂಖ್ಯೆ, ಲಂಗರಿನ ಚಿತ್ರವಿದ್ದ ನೀಲಿ ಮುದ್ರೆ ಎಲ್ಲವೂ ಇದ್ದವು. ಐಎಂಒ ಸಂಖ್ಯೆ ನಿಜವಾದದ್ದೇ. ಅದು ಅಂತರ್ಜಾಲದಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. "ಅವ್ವಾ, ಇನ್ನೊಬ್ಬರಿಗೆ ಕೊಡೂದ್ರಾಗ ವೀಸಾದ ರೊಕ್ಕಾ ಹಾಕಬೇಕಂತ" ಎಂದು ಹುಡುಗ ಅವಸರಪಡಿಸಿದಾಗ ಅಕ್ಕ ತನ್ನ ಪಾಟಲಿಗಳನ್ನು ಸೊಸೈಟಿಯಲ್ಲಿ ಅಡವಿಟ್ಟಳು. ಒಂದೂವರೆ ಲಕ್ಷ ರೂಪಾಯಿ ಮೋಸಗಾರನ ಕೈಸೇರಿದ ಮೇಲೆ ಅವನ ಫೋನು ಸ್ವಿಚ್ ಆಫ್ ಆಯಿತು. ವಿಚಾರಿಸೋಣವೆಂದರೆ ನಾವಿಕನ ಹೆಸರು ಸಹ ಹುಡುಗನಿಗೆ ಪೂರ್ತಿ ಗೊತ್ತಿರಲಿಲ್ಲ.

ದಯವಿಟ್ಟು ಇದನ್ನು ಗಮನಿಸಿ: ಚಹಾದಂಗಡಿಯಲ್ಲಿ ಸಿಕ್ಕ ನಾವಿಕನಿಗೆ, ಆತ ಎಷ್ಟೇ ಒಳ್ಳೆಯವನಾಗಿದ್ದರೂ, ಯಾರನ್ನೂ ಕೆಲಸಕ್ಕೆ ಸೇರಿಸಿಕೊಳ್ಳುವ ಅಧಿಕಾರವಿಲ್ಲ. ನಮ್ಮ ದೇಶದಲ್ಲಿ ಹಡಗಿಗೆ ಸಿಬ್ಬಂದಿಯನ್ನು ಒದಗಿಸುವ ಏಜೆನ್ಸಿಗಳು ಹಡಗು ಸಾರಿಗೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ, ಮುಂಬೈಯಲ್ಲಿರುವ ಡಿಜಿ ಶಿಪ್ಪಿಂಗ್ ಕಚೇರಿಯಿಂದ ಆರ್‌ಪಿಎಸ್‌ಎಲ್ ಎಂಬ ಪರವಾನಗಿ ಪಡೆದಿರಬೇಕು. ಪರವಾನಗಿ ಪಡೆದವರ ಪಟ್ಟಿ ಆ ಕಚೇರಿಯ ಜಾಲತಾಣದಲ್ಲಿಯೇ ಇದೆ. ಭಾರತವು 2015ರಲ್ಲಿ ಅಂಗೀಕರಿಸಿದ 2006ರ ಸಾಗರ ಕಾರ್ಮಿಕ ಒಪ್ಪಂದದ ಪ್ರಕಾರ, ಕೆಲಸ ಕೊಡಿಸುವುದಕ್ಕಾಗಿ ನಾವಿಕನಿಂದ ಶುಲ್ಕ ವಸೂಲಿ ಮಾಡುವಂತಿಲ್ಲ. ಪಾಸ್‌ಪೋರ್ಟ್, ನಾವಿಕ ಪುಸ್ತಕ (ನಾವಿಕನ ಗುರುತು ಮತ್ತು ಸೇವೆಯ ದಾಖಲೆ) ಮತ್ತು ವೈದ್ಯಕೀಯ ಪ್ರಮಾಣಪತ್ರದ ಖರ್ಚು ಅಭ್ಯರ್ಥಿಯ ಮೇಲೆ ಬೀಳಬಹುದು, ಆದರೆ ವೀಸಾದ ಖರ್ಚು ಹಡಗಿನ ಮಾಲೀಕನದು. ಅಂದರೆ ವೀಸಾಕ್ಕೆಂದು ಹಣ ಕೇಳಿದ ಕ್ಷಣದಲ್ಲಿಯೇ ಮಾತು ನಿಲ್ಲಿಸಬಹುದು. ಅಲ್ಲದೆ ಭಾರತೀಯ ನಾವಿಕರಿಗೆ ಕೊಡುವ ಇಂಡೋಸ್ ಎಂಬ ಗುರುತಿನ ಸಂಖ್ಯೆ, ಸಿಡಿಸಿ ಎಂದು ಕರೆಯುವ ನಾವಿಕ ಪುಸ್ತಕ, ಬೆಂಕಿ ನಂದಿಸುವ ಮತ್ತು ನೀರಿನಲ್ಲಿ ಜೀವ ಉಳಿಸಿಕೊಳ್ಳುವ ಮೂಲ ತರಬೇತಿಗಳು ಇವ್ಯಾವುವೂ ಇಲ್ಲದ ಐಟಿಐ ಹುಡುಗನನ್ನು ಯಾವ ಹಡಗೂ ನೇರವಾಗಿ ಹತ್ತಿಸಿಕೊಳ್ಳುವುದಿಲ್ಲ.

ಈಗಾಗಲೇ ಹಣ ಹಾಕಿದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು. ಬೇಗ ತಿಳಿಸಿದಷ್ಟೂ ಖಾತೆಯಲ್ಲಿ ಉಳಿದ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ವಾಟ್ಸಾಪ್ ಸಂದೇಶಗಳನ್ನು ಅಳಿಸಿಹಾಕಬೇಡಿ, ಪೊಲೀಸರು ಮೊದಲು ಕೇಳುವುದು ಅವುಗಳನ್ನೇ.